ಬಾವಿಯೊಳಗಿನ ಬೀಗರು

ಕ್ಯಾಂಪ್, ಬೆಳಗಾವಿ
೨೦ ನವೆಂಬರ್ ೨೦೨೩

ಪ್ರೀತಿಯ ತಾರಾ ಅತ್ತೆಯವರಿಗೆ, ಪೂನಮ್ ಮಾಡುವ ಜಯ ಜಿನೇಂದ್ರ.

ನಿಮ್ಮ ಬಾವಿಯ ನೀರಿನ ಬಾಟಲಿ ತಲುಪಿತು. ನಿಮ್ಮ ಪಕ್ಕದ ಮನೆಯ ಯಲ್ಲೇಶಣ್ಣ ಫೌಂಡ್ರಿಯ ಪಾಳಿಗೆ ಹೋಗುವ ಗಡಿಬಿಡಿಯಲ್ಲೂ ಕಾಲೇಜಿನ ಗೇಟಿನ ತನಕ ನಡೆದು ಬಂದು ಕೊಟ್ಟು ಹೋದ. ಖಾನಾಪುರದಿಂದ ಇಲ್ಲಿಯವರೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದನಂತೆ. ಕಂಡಕ್ಟರ್, "ಏನೈತಪಾ ಅದರಾಗ, ಇಷ್ಟ ಜ್ವಾಕಿ ಮಾಡಾಕತ್ತಿ?" ಎಂದು ಕೇಳಿದರೆ ಇವನು, "ಬೀಗರು ಅದಾರ್ರೀ, ಬೆಳಗಾವಿ ನೋಡಾಕ ಹೊಂಟಾರ" ಎಂದನಂತೆ.

ಅತ್ತೆ, ಅವನು ಚೇಷ್ಟೆಗೆ ಆಡಿದ ಮಾತು ಖರೇ ಆಯಿತು.

ಬಾವಿಗಳಲ್ಲಿರುವ ಸಣ್ಣ ಜೀವಿಗಳ ಬಗ್ಗೆ ನಾನು ಪಿಎಚ್.ಡಿ. ಮಾಡುತ್ತಿರುವುದು ನಿಮಗೆ ಗೊತ್ತಲ್ಲ. ತಾಲೂಕಿನ ಹತ್ತಾರು ಬಾವಿಗಳ ನೀರು ನೋಡಿದ್ದೇನೆ. ನಿಮ್ಮದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗಾಜಿನ ಬಟ್ಟಲಿಗೆ ಸ್ವಲ್ಪ ನೀರು ಸುರಿದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಮೊದಲು ಏನೂ ಕಾಣಲಿಲ್ಲ, ಮಂಜಿನ ಮೇಲೆ ಬಿದ್ದ ಬೆಳಗಿನ ಬಿಸಿಲಿನಂಥ ಬೆಳಕು ಮಾತ್ರ. ಆಮೇಲೆ ಆ ಬೆಳಕನ್ನು ಯಾರೋ ಮೆಲ್ಲಗೆ ದಾಟಿ ಹೋದರು. ಅಕ್ಕಿಯ ನುಚ್ಚಿಗಿಂತ ಎಷ್ಟೋ ಸಣ್ಣದು, ಗಾಜಿನಲ್ಲಿ ಮಾಡಿದ ಹಾಗಿತ್ತು. ಬಣ್ಣವಿಲ್ಲ. ಕೆರೆಯಲ್ಲಿರುವ ಇದರ ಬಳಗಕ್ಕೆ ಹಣೆಯ ನಡುವೆ ಕೆಂಪು ಚುಕ್ಕೆಯಂಥ ಒಂದು ಕಣ್ಣಿರುತ್ತದೆ. ಇದರ ಹಣೆ ಬರಿದು. ಕಣ್ಣೇ ಇಲ್ಲ. ಆದರೂ ಎಲ್ಲಿಗೆ ಹೋಗಬೇಕೆಂದು ಗೊತ್ತಿರುವವರ ಹಾಗೆ ಹೋಗುತ್ತಿತ್ತು. ಉಸಿರು ಬಿಟ್ಟರೆ ಎಲ್ಲಿ ಬೆದರಿಬಿಡುತ್ತದೋ ಎಂದು ನಾನು ಉಸಿರು ಹಿಡಿದು ಕೂತೆ.

ನನ್ನ ಗೈಡ್ ಪ್ರಸಾದ ಸರ್ ಬಂದು ನೋಡಿ, "ಇದು ಮ್ಯಾಲಿನ ನೀರಿಂದಲ್ಲವಾ, ನೆಲದೊಳಗಿಂದು. ಕತ್ತಲದಾಗ ಹುಟ್ಟಿ ಕತ್ತಲದಾಗ ಇರೂ ಮಂದಿ" ಎಂದರು.

ಬಾಟಲಿಯಲ್ಲಿ ಸಿಕ್ಕಿದ್ದು ಒಂದೇ. ನೀವು ದಿನಾ ಬೆಳಿಗ್ಗೆ ನೀರು ಸೋಸಿ, ಆ ಅರಿವೆಯನ್ನು ತೊಳೆದ ನೀರನ್ನು ಮರಳಿ ಬಾವಿಗೆ ಬಿಡುತ್ತೀರಲ್ಲ, ಆ ತೊಳೆದ ನೀರನ್ನೇ ಕೆಲವು ದಿನ ನನಗೆ ಕಳಿಸುತ್ತೀರಾ? ನೋಡಿ ಮರಳಿ ಕಳಿಸುತ್ತೇನೆ.

ಗಿರಣಿಯ ಸದ್ದಿನಲ್ಲಿ ನಿಮ್ಮ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಾವಿಬ್ಬರೂ ಬರೀ "ಆಂ? ಆಂ?" ಎನ್ನುವುದಷ್ಟೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ನೀವೂ ಬರೆಯಿರಿ. ಮಾಮಾನನ್ನು ಕೇಳಿದೆನೆಂದು ಹೇಳಿ.

ನಿಮ್ಮ
ಪೂನಮ್


ಖಾನಾಪುರ
೨೬ ನವೆಂಬರ್ ೨೦೨೩

ಚಿರಂಜೀವಿ ಪೂನಮ್‌ಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಗಿರಣಿಯಲ್ಲಿ ಜೋಳದ ಹಿಟ್ಟಿನ ಧೂಳಿನ ನಡುವೆಯೇ ಓದಿದೆ. ಕಣ್ಣಿಲ್ಲದ ಜೀವ ಎಂಬಲ್ಲಿಗೆ ಬಂದಾಗ ಯಂತ್ರದ ಪಟ್ಟಾ ನಿಲ್ಲಿಸಿ ಹೊರಗೆ ಬಂದು ಇನ್ನೊಮ್ಮೆ ಓದಿದೆ.

ಮದುವೆಯಾಗಿ ಈ ಮನೆಗೆ ಬಂದ ಮರುದಿನ ನಮ್ಮ ಅತ್ತೆ ನನ್ನನ್ನು ಬಾವಿಯ ಹತ್ತಿರ ಕರೆದೊಯ್ದರು. "ಅರಿವಿ ಹಿಂಡಬ್ಯಾಡ, ಜಾಡಸಬ್ಯಾಡ. ಕೊಡ ನೀರಿಗೆ ಮುಟ್ಟೂತನಾ ಬಿಟ್ಟು ಆಮ್ಯಾಲ ಸೊಟ್ಟ ಮಾಡು. ಮ್ಯಾಲಿಂದ ಒಗದರ ಅವಕ್ಕ ನೋವಾಕ್ಕೈತಿ" ಎಂದರು. ಯಾರಿಗೆ ನೋವು ಎಂದು ಕೇಳಲಿಲ್ಲ. ಶಾಸ್ತ್ರದಲ್ಲಿ ಇದೆ ಎಂದುಕೊಂಡೆ. ಅಂದಿನಿಂದ ನೋಡದೇ ಮಾಡಿಕೊಂಡು ಬಂದೆ. ನಿಜ ಹೇಳುತ್ತೇನೆ ಪೂನಮ್, ಕೆಲವು ದಿನ ಕೈ ತಾನೇ ಮಾಡುತ್ತಿತ್ತು, ಮನಸ್ಸು ಗಿರಣಿಯಲ್ಲಿರುತ್ತಿತ್ತು. ಈಗ ಅವುಗಳಿಗೆ ಹಣೆ ಇದೆ ಎಂದು ನೀನು ಬರೆದ ಮೇಲೆ ಕೊಡ ಬಿಡುವಾಗ ಹಗ್ಗವನ್ನು ಗೇಣು ಗೇಣಾಗಿ ಇಳಿಸುತ್ತೇನೆ.

ನಿನ್ನ ಮಾಮಾ ನಗುತ್ತಾರೆ. "ಇಷ್ಟ ವರ್ಷ ಬಾವಿಗೆ ಕಳಸ್ತಿದ್ದಿ, ಈಗ ಬಸ್ಸಿಗೆ ಕಳಸಾಕತ್ತಿ. ಪುಣ್ಯಕ್ಷೇತ್ರಕ್ಕೂ ಕರಕೊಂಡ ಹೋಗು" ಎನ್ನುತ್ತಾರೆ.

ಯಲ್ಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ನೋಡಿದ ಮೇಲೆ ಅದೇ ಸಂಜೆ ಅವನು ಹೊರಡುವ ಹೊತ್ತಿಗೆ ಮರಳಿ ಕೊಡು. ಬಿಸಿಲಿಗೆ ಇಡಬೇಡ.

ಸತ್ಯವ್ವ ನಿನ್ನನ್ನು ಕೇಳಿದಳು. ಅವಳ ಮೊಮ್ಮಗಳು, ಅದೇ ಯಲ್ಲೇಶನ ಮಗಳು ಸಮೃದ್ಧಿ, ಈಗ ಗೋಡೆ ಹಿಡಿದು ಹಿತ್ತಲೆಲ್ಲ ಓಡಾಡುತ್ತಾಳೆ. ಬಾವಿ ಚೆನ್ನಾಗಿದೆ.

ಒಂದು ಮಾತು ಕೇಳುತ್ತೇನೆ. ಅವು ನಿದ್ದೆ ಮಾಡುತ್ತವೆಯೇ?

ನಿನ್ನ
ತಾರಾ ಅತ್ತೆ


ಬೆಳಗಾವಿ
೧೪ ಡಿಸೆಂಬರ್ ೨೦೨೩

ಪ್ರೀತಿಯ ಅತ್ತೆ,

ನಿದ್ದೆಯ ಬಗ್ಗೆ ಪ್ರಸಾದ ಸರ್‌ಗೂ ಗೊತ್ತಿಲ್ಲ. ನಾನು ನೋಡುತ್ತ ಕೂತೆ. ಅವು ಈಜುತ್ತ ಈಜುತ್ತ ಒಮ್ಮೆಲೇ ನಿಂತುಬಿಡುತ್ತವೆ. ಮರಳಿನ ಕಣವೊಂದನ್ನು ಒರಗಿ, ಮೀಸೆಯಂಥ ಎರಡು ಎಳೆಗಳನ್ನು ಚಾಚಿಕೊಂಡು, ಬಹಳ ಹೊತ್ತು ಹಾಗೇ ಇರುತ್ತವೆ. ಹಗಲೇ ಇಲ್ಲದ ಊರಿನಲ್ಲಿ ಅದನ್ನು ನಿದ್ದೆ ಎನ್ನಬೇಕೋ ಯೋಚನೆ ಎನ್ನಬೇಕೋ ತಿಳಿಯದು. ಒಂದು ತಾಯಿ ಸಿಕ್ಕಿತು. ಬಾಲದ ಹತ್ತಿರ ಮುತ್ತಿನಂಥ ಮೊಟ್ಟೆಗಳನ್ನು ಕಟ್ಟಿಕೊಂಡು ತಿರುಗುತ್ತಿತ್ತು. ಅದರ ಮೈಯೊಳಗೆ ಅದು ತಿಂದದ್ದು ಕೂಡ ಕಾಣುತ್ತಿತ್ತು, ಸಣ್ಣ ಕಂದು ಎಳೆ, ಮೆಲ್ಲಗೆ ಜರುಗುತ್ತಿತ್ತು. ಅಷ್ಟು ಬಿಚ್ಚಿಟ್ಟ ಮೈಯನ್ನು ನೋಡುವಾಗ ಕೇಳದೇ ಒಬ್ಬರ ಮನೆಯೊಳಗೆ ಹೊಕ್ಕ ಹಾಗೆ ಆಯಿತು.

ದೊಡ್ಡ ಸುದ್ದಿ ಇದೆ. ಈ ಜೀವಿಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ ಎಂದು ಸರ್‌ಗೆ ಅನ್ನಿಸುತ್ತಿದೆ. ಖಾತ್ರಿ ಮಾಡಿಕೊಳ್ಳಲು ಕಾಲುಗಳ ಗೆಣ್ಣು, ಅವುಗಳ ಮೇಲಿನ ಕೂದಲು ಎಲ್ಲವನ್ನೂ ನೋಡಬೇಕು. ಅದಕ್ಕೆ ಕೆಲವನ್ನು ಇಲ್ಲೇ ಇಟ್ಟುಕೊಂಡಿದ್ದೇನೆ. ಉಳಿದವುಗಳನ್ನು ಯಲ್ಲೇಶಣ್ಣನ ಕೈಯಲ್ಲಿ ಮರಳಿ ಕಳಿಸಿದ್ದೇನೆ. ಚಿಂತೆ ಮಾಡಬೇಡಿ.

ಹೊಸದೇ ಆದರೆ ಅದಕ್ಕೆ ನಿಮ್ಮ ಹೆಸರಿಡುವ ಆಸೆ. ಜಗತ್ತಿನಲ್ಲಿ ಎಲ್ಲಿ ಯಾರು ಅದರ ಬಗ್ಗೆ ಬರೆದರೂ ತಾರಾ ಎಂದೇ ಬರೆಯಬೇಕು.

ನಿಮ್ಮ
ಪೂನಮ್


ಖಾನಾಪುರ
೨೨ ಡಿಸೆಂಬರ್ ೨೦೨೩

ಚಿ. ಪೂನಮ್,

ಕೆಲವರು ನಿನ್ನಲ್ಲಿಯೇ ಉಳಿದರು ಎಂದು ಓದಿ ಸಂತೋಷವಾಯಿತು. ಅವರಿಗೆ ನಲ್ಲಿಯ ನೀರು ಹಾಕಬೇಡ, ಅದರಲ್ಲಿ ಔಷಧ ಇರುತ್ತದೆ. ನಮ್ಮ ಬಾವಿಯ ನೀರನ್ನೇ ಕ್ಯಾನಿನಲ್ಲಿ ಕಳಿಸುತ್ತೇನೆ. ಮೇಲೆ ಕಪ್ಪು ಅರಿವೆ ಹೊಚ್ಚು. ಕತ್ತಲೆಯಲ್ಲಿ ಬೆಳೆದವರಿಗೆ ನಿಮ್ಮ ಲ್ಯಾಬಿನ ಟ್ಯೂಬ್‌ಲೈಟು ಹೇಗೆ ತಡೆದೀತು?

ಹೆಸರಿನ ಮಾತಿಗೆ ನಿನ್ನ ಮಾಮಾ, "ನಿನ್ನ ಹೆಸರ ಇಟ್ಟರ ಅದೂ ಕಿವಿ ಕೇಳಂಗಿಲ್ಲ ಅನ್ನತೈತಿ" ಎಂದರು. ನಾನು ಸಿಟ್ಟು ಮಾಡಿದ ಹಾಗೆ ಮಾಡಿದೆ. ಒಳಗೆ ಖುಷಿ ಆಗಿತ್ತು.

ಮೊನ್ನೆ ಮಧ್ಯಾಹ್ನ ಗಿರಣಿಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿದಾಗ ಕನಸು ಬಿತ್ತು. ನೆಲವೆಲ್ಲ ನಿನ್ನ ಗಾಜಿನಂತೆ ಆಗಿತ್ತು. ಕೆಳಗೆ ಅವರೆಲ್ಲ ಸಾಲಾಗಿ ಹೋಗುತ್ತಿದ್ದರು, ಬಸದಿಗೆ ಹೋಗುವವರ ಹಾಗೆ, ಗದ್ದಲವಿಲ್ಲದೆ. ನಾನು ಮೇಲೆ ಕಾಲಿಡಲು ಹೆದರಿ ಒಂಟಿ ಕಾಲಿನಲ್ಲಿ ನಿಂತಿದ್ದೆ.

ಬಾವಿಯ ಕಡೆಯ ಎಲ್ಲ ಸುದ್ದಿ ಚೆನ್ನಾಗಿದೆ. ಯಲ್ಲೇಶ ತಂದ ಬಾಟಲಿಗಳ ನೀರನ್ನು ನಾನೇ ಕೊಡಕ್ಕೆ ಸುರಿದು ಬಾವಿಗೆ ಇಳಿಸಿದೆ.

ನಿನ್ನ
ತಾರಾ ಅತ್ತೆ


ಬೆಳಗಾವಿ
೧೯ ಜನವರಿ ೨೦೨೪

ಅತ್ತೆ,

ನಾನು ನೀರು ತರಲು ಲೋಂಡಾಕ್ಕೆ ಹೋಗಿದ್ದ ದಿನ ನೀವು ಇಲ್ಲಿಗೆ ಬಂದಿದ್ದಿರಂತೆ. ಕೋಟೆಯ ಬಸದಿಯ ದರ್ಶನ ಮುಗಿಸಿಕೊಂಡು ಹಾಗೇ ಬಂದಿರಿ ಎಂದು ಪ್ರಸಾದ ಸರ್ ಹೇಳಿದರು. "ನಿಮ್ಮ ಅತ್ತಿಯವರು ಭಾಳ ಆಸಕ್ತಿಲೇ ನೋಡಿದ್ರವಾ" ಎಂದರು. ಅವರಿಗೆ ಏನೂ ಗೊತ್ತಿಲ್ಲ. ಸಂಭ್ರಮದಿಂದ ನಿಮ್ಮನ್ನು ನನ್ನ ಕುರ್ಚಿಯಲ್ಲೇ ಕೂಡಿಸಿ ಸ್ಲೈಡ್ ತೋರಿಸಿದ್ದಾರೆ. ನೀವು ಕಣ್ಣಿಟ್ಟು ಬಹಳ ಹೊತ್ತು ನೋಡಿದಿರಂತೆ. ಆಮೇಲೆ, "ಇದು ಅಳ್ಳಾಡವಲ್ದಲ್ರೀ" ಎಂದಿರಂತೆ. ಸರ್, "ಹೆಂಗ ಅಳ್ಳಾಡತೈತ್ರೀ, ಸ್ಪಿರಿಟ್‌ನ್ಯಾಗ ಹಾಕಿ, ಸೂಜೀಲೆ ಕಾಲ ಬಿಡಿಸಿ ಇಟ್ಟೇವಿ. ಹಂಗ ಮಾಡಲಿಲ್ಲಂದ್ರ ಗೆಣ್ಣ ಎಣಸಾಕ ಬರೂದಿಲ್ಲ" ಎಂದರಂತೆ. ನೀವು ಕೈಮುಗಿದು ಹೊರಟುಹೋದಿರಿ. ನನ್ನ ಮೇಜಿನ ಮೇಲೆ ಶೇಂಗಾ ಉಂಡಿಯ ಡಬ್ಬಿ ಇತ್ತು.

ಅತ್ತೆ, ಹೊಸ ಜೀವಿಯೊಂದನ್ನು ಲೋಕಕ್ಕೆ ತೋರಿಸಬೇಕಾದರೆ ಅದರ ದೇಹವನ್ನು ಕಾಯಂ ಆಗಿ ಇಡಬೇಕಾಗುತ್ತದೆ. ಮುಂದೆ ಯಾರಾದರೂ ಅನುಮಾನಪಟ್ಟರೆ ತೆಗೆದು ನೋಡಲು ಬೇಕು. ಎಲ್ಲರೂ ಹೀಗೇ ಮಾಡುತ್ತಾರೆ. ಇದನ್ನೆಲ್ಲ ಮೊದಲೇ ಬರೆಯಬಹುದಿತ್ತು. "ಇಟ್ಟುಕೊಂಡಿದ್ದೇನೆ" ಎಂದು ಬರೆದೆ. ನೀವು ಕಪ್ಪು ಅರಿವೆ ಹೊಚ್ಚಲು ಹೇಳಿ ಉತ್ತರ ಬರೆದಾಗಲೂ ತಿದ್ದಲಿಲ್ಲ.

ಸಿಕ್ಕಿದ್ದೆಲ್ಲ ಹೆಣ್ಣೇ. ಗಂಡು ಸಿಗದೆ ಹೆಸರಿಡಲು ಬರುವುದಿಲ್ಲ ಎನ್ನುತ್ತಾರೆ ಸರ್. ಅದಿಲ್ಲದೆ ನನ್ನ ಪ್ರಬಂಧವೂ ನಿಲ್ಲುವುದಿಲ್ಲ. ಆದರೆ ನೀರು ಕಳಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಬೈದಾದರೂ ಒಂದು ಸಾಲು ಬರೆಯಿರಿ.

ಪೂನಮ್


ಬೆಳಗಾವಿ
೧೧ ಫೆಬ್ರವರಿ ೨೦೨೪

ಅತ್ತೆ,

ನಿಮ್ಮ ಪತ್ರ ಬರಲಿಲ್ಲ. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಯಲ್ಲೇಶಣ್ಣ ಸಿಕ್ಕಿದ್ದ. ನಿಮ್ಮನ್ನು ಕೇಳಿದರೆ ಮುಖ ಆಚೆ ತಿರುಗಿಸಿ, "ಅವರ ಸುದ್ದಿ ನನ್ನ ಕೇಳಬ್ಯಾಡ್ರಿ ಅಕ್ಕಾರ" ಎಂದ. ನನ್ನ ತಪ್ಪು ಅವನಿಗೂ ತಿಳಿದಿದೆ ಎಂದುಕೊಂಡೆ. ನಿಮ್ಮ ಸಿಟ್ಟು ನ್ಯಾಯವೇ. ಮೈಕ್ರೋಸ್ಕೋಪಿನ ಮೇಲೆ ಹೊದಿಕೆ ಹಾಕಿ ಬಂದಿದ್ದೇನೆ.

ಪೂನಮ್


ಖಾನಾಪುರ
೨೫ ಫೆಬ್ರವರಿ ೨೦೨೪

ಚಿ. ಪೂನಮ್,

ನೀನು ತಿಳಿದದ್ದು ತಪ್ಪು. ಯಲ್ಲೇಶನ ಸಿಟ್ಟು ನಿನ್ನ ಮೇಲಲ್ಲ, ನನ್ನ ಮೇಲೆ.

ಹೋದ ಮಳೆಗಾಲದಲ್ಲಿ ಬಾವಿಯ ಒಳಗಿನ ಕಟ್ಟು ಕುಸಿಯಿತು. ದಂಡೆಯ ಮಣ್ಣು ದಿನಾ ಸ್ವಲ್ಪ ಸ್ವಲ್ಪ ಒಳಗೆ ಜಾರುತ್ತಿದೆ. ಬಾವಿ ಎರಡೂ ಮನೆಗೆ ಸೇರಿದ್ದು. ಮುಚ್ಚಿಬಿಡೋಣ ಎಂದು ಯಲ್ಲೇಶ ಬಂದು ಕೇಳಿದಾಗ ನಾನೂ ನಿನ್ನ ಮಾಮಾನೂ ಹೂಂ ಎಂದಿದ್ದೆವು. ಇದು ನಿನ್ನ ಮೊದಲ ಪತ್ರ ಬರುವುದಕ್ಕೂ ಮೊದಲಿನ ಮಾತು. ಮನೆಗೆ ನಲ್ಲಿ ಬಂದಿದೆ, ಅದನ್ನೇ ಸೋಸಿ ಕುಡಿದರಾಯಿತು ಎಂದುಕೊಂಡಿದ್ದೆ.

ಆಮೇಲೆ ನಿನ್ನ ಪತ್ರಗಳು ಬಂದವು. ಅವರಿಗೆ ಹಣೆ ಬಂತು, ಮೀಸೆ ಬಂತು, ಮೊಟ್ಟೆ ಹೊತ್ತ ತಾಯಿ ಬಂದಳು. ಬಾವಿ ಚೆನ್ನಾಗಿದೆ ಎಂದು ನಿನಗೆ ಬರೆಯುತ್ತ ಹೋದೆ. ನಿನ್ನ ಲ್ಯಾಬಿನಲ್ಲಿ ಬಿಡಿಸಿಟ್ಟ ಆ ಕಾಲುಗಳನ್ನು ನೋಡಿ ಕೈಮುಗಿದು ಹೊರಬಂದೆ. ಬಸ್ಸಿನಲ್ಲಿ ಕೂತ ಮೇಲೆ ನಿನ್ನನ್ನು ಬೈಯುವ ಮಾತು ಹುಡುಕಿದೆ, ಸಿಗಲಿಲ್ಲ. ನೀನು ತೆಗೆದುಕೊಂಡದ್ದು ಕೆಲವರನ್ನು. ನಾನು ಹೂಂ ಎಂದದ್ದು ಅವರ ಇಡೀ ಊರನ್ನೇ ಮುಚ್ಚಲು. ಯಾವ ಬಾಯಿಂದ ಪತ್ರ ಬರೆಯಲಿ?

ಬೆಳಗಾವಿಯಿಂದ ಬಂದ ದಿನವೇ ಯಲ್ಲೇಶನಿಗೆ ಬಾವಿ ಮುಚ್ಚಬೇಡ ಎಂದೆ. ಅವನು ನೋಡೋಣ ಎಂದು ಪಾಳಿಗೆ ಹೋದ. ಆದರೆ ಮರುವಾರ ಸಮೃದ್ಧಿ ದಂಡೆಯ ತನಕ ಹೋಗಿಬಿಟ್ಟಳು. ಸತ್ಯವ್ವ ಓಡಿಬಂದು ಫ್ರಾಕು ಹಿಡಿದಳು. ಕಾಲ ಕೆಳಗಿನ ಮಣ್ಣು ಆಗಲೇ ಜಾರಿತ್ತು. ಕೂಸನ್ನು ಎದೆಗೊತ್ತಿಕೊಂಡು ನನ್ನ ಬಾಗಿಲಿಗೆ ಬಂದು, "ಕಣ್ಣಿಗೆ ಕಾಣಲಾರದ ಹುಳಾ ದೊಡ್ಡವು ಆದ್ವು ನಿನಗ, ನನ್ನ ಕೂಸ ಅಲ್ಲ" ಎಂದಳು. ಅಂದಿನಿಂದ ಮಾತಿಲ್ಲ. ನಾವಿಬ್ಬರೂ ಒಂದೇ ವರ್ಷ ಸೊಸೆಯಾಗಿ ಈ ಓಣಿಗೆ ಬಂದವರು.

ಕೂಸು ದೊಡ್ಡದು, ನನಗೆ ಗೊತ್ತು. ಆದರೂ ಮುಚ್ಚು ಎಂಬ ಮಾತು ನಾಲಿಗೆಗೆ ಬರುತ್ತಿಲ್ಲ.

ತಾರಾ ಅತ್ತೆ


ಬೆಳಗಾವಿ
೨೮ ಫೆಬ್ರವರಿ ೨೦೨೪

ಪ್ರೀತಿಯ ಅತ್ತೆ,

ಪತ್ರವನ್ನು ನಿಂತೇ ಓದಿದೆ. ಉತ್ತರವನ್ನು ಇಂದೇ ಅಂಚೆಗೆ ಹಾಕದಿದ್ದರೆ ಬರೆಯದೇ ಇದ್ದುಬಿಡುವೆನೇನೋ ಎಂಬ ಭಯವಿದೆ. ಯಾಕೆಂದರೆ ನಾನು ಸುಮ್ಮನಿದ್ದರೆ ನೀವು ಬಾವಿಯನ್ನು ಉಳಿಸುತ್ತೀರಿ. ನನಗೆ ಆ ಬಾವಿ ಬೇಕು.

ಅವು ಬಾವಿಯ ಜೀವಿಗಳಲ್ಲ ಅತ್ತೆ. ಬಾವಿ ಅವುಗಳ ಊರಲ್ಲ, ಕಿಟಕಿ. ಅವು ಇರುವುದು ನೆಲದ ಒಳಗೆ, ಬಂಡೆಗಳ ಬಿರುಕಿನಲ್ಲಿ ನಿಂತ ನೀರಿನಲ್ಲಿ. ಆ ನೀರು ನಿಮ್ಮ ಹಿತ್ತಲಿಗೆ ಮುಗಿಯುವುದಿಲ್ಲ. ಗಿರಣಿಯ ಕೆಳಗೂ ಸತ್ಯವ್ವನ ಅಡುಗೆಮನೆಯ ಕೆಳಗೂ ರೈಲ್ವೆ ಹಳಿಯ ಕೆಳಗೂ ಇದೆ. ಎಷ್ಟು ದೂರ ಎಂದು ಯಾರಿಗೂ ತಿಳಿಯದು. ಮಾಮಾನ ಅಜ್ಜನ ಅಜ್ಜ ಅಲ್ಲಿ ಬಾವಿ ತೋಡುವ ಎಷ್ಟೋ ಮೊದಲಿನಿಂದ ಅವು ಅಲ್ಲಿವೆ. ಬಾವಿಯಲ್ಲಿ ಬಂದು ಸಿಕ್ಕವು ದಾರಿ ತಪ್ಪಿ ಅಂಗಳಕ್ಕೆ ಬಂದವರ ಹಾಗೆ. ಮುಚ್ಚಿದರೆ ಕೆಲವು ಸಾಯುತ್ತವೆ, ಸುಳ್ಳು ಹೇಳುವುದಿಲ್ಲ. ಆದರೆ ಊರು ಹಾಳಾಗುವುದಿಲ್ಲ. ಕಿಟಕಿ ಮುಚ್ಚುತ್ತದೆ, ನಮಗೆ ಕಾಣುವುದು ನಿಲ್ಲುತ್ತದೆ, ಅಷ್ಟೇ.

ಇದನ್ನು ನಾನು ಮೊದಲ ಪತ್ರದಲ್ಲೇ ಬರೆಯಬಹುದಿತ್ತು. ನೀವು ಕೇಳಲಿಲ್ಲ, ನನಗೆ ಹೇಳಬೇಕೆನಿಸಲಿಲ್ಲ. ಸತ್ಯವ್ವಜ್ಜಿಯ ಹತ್ತಿರ ಹೋಗಿ ಅತ್ತೆ.

ನಿಮ್ಮ
ಪೂನಮ್


ಖಾನಾಪುರ
೬ ಮಾರ್ಚ್ ೨೦೨೪

ಚಿ. ಪೂನಮ್,

ಹೋದೆ. ಸತ್ಯವ್ವ ಮೆಣಸಿನಕಾಯಿ ಹರವುತ್ತಿದ್ದಳು, ತಲೆ ಎತ್ತಲಿಲ್ಲ. ನಾನೂ ಬಾಜೂಕ್ಕೆ ಕೂತು ಹರವತೊಡಗಿದೆ. ಅರ್ಧ ರಾಶಿ ಮುಗಿದ ಮೇಲೆ, "ಬಾವಿ ಮುಚ್ಚಸೂಣು" ಎಂದೆ. ಅವಳು ನನ್ನ ಕಿವಿಯ ಹತ್ತಿರ ಬಂದು, "ನಿನ್ನ ಹುಳದ ಗತಿ?" ಎಂದು ಕೂಗಿದಳು. ನಿನ್ನ ಪತ್ರದ ಮಾತು ಹೇಳಿದೆ. ಅವಳ ಅಡುಗೆಮನೆಯ ಕೆಳಗೂ ಇದ್ದಾರೆ ಎಂದಾಗ ಗಕ್ಕನೆ ನೆಲ ನೋಡಿ, "ನಾ ದಿನಾ ಅಲ್ಲೇ ಒಳ್ಳಕಲ್ಲಿನ್ಯಾಗ ಖಾರ ಕುಟ್ಟತೀನಲ್ಲ, ಅವಕ್ಕ ತ್ರಾಸ ಆಕ್ಕೈತೇನು?" ಎಂದಳು. ಇಬ್ಬರೂ ನಕ್ಕೆವು. ಮೆಣಸಿನ ಕೈ ಕಣ್ಣಿಗೆ ತಾಗಿ ಅತ್ತೆವು ಕೂಡ.

ಮುಂದಿನ ವಾರದ ರವಿವಾರ ಬಾವಿ ತುಂಬಲು ಮುರುಮಿನ ಮಣ್ಣಿನ ಟ್ರ್ಯಾಕ್ಟರ್‌ಗಳು ಬರುತ್ತವೆ. ನೀನು ಶನಿವಾರವೇ ಬಾ. ನಿನ್ನ ದುರ್ಬೀನು ತಾ. ಅವರು ಅಳ್ಳಾಡುವುದನ್ನು ನಾನು ಒಮ್ಮೆ ನೋಡಬೇಕು.

ತಾರಾ ಅತ್ತೆ


ಬೆಳಗಾವಿ
೧೯ ಮಾರ್ಚ್ ೨೦೨೪

ಪ್ರೀತಿಯ ಅತ್ತೆ,

ಶನಿವಾರದ ಬೆಳಗು ಇನ್ನೂ ನನ್ನ ಕಣ್ಣಲ್ಲೇ ಇದೆ. ನೀವು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ಇನ್ನೊಂದು ತುದಿಯನ್ನು ಯಲ್ಲೇಶಣ್ಣ ಹಿಡಿದುಕೊಂಡು, ದೂರದಿಂದಲೇ ಕೊಡ ಇಳಿಸಿದಿರಿ. ಸೋಸಿದ ಅರಿವೆಯನ್ನು ನನ್ನ ಬಟ್ಟಲಿನಲ್ಲಿ ತೊಳೆದಿರಿ. ನಾನು ಮನೆಯ ಕಟ್ಟೆಯ ಮೇಲೆ ಮೈಕ್ರೋಸ್ಕೋಪ್ ಇಟ್ಟು ನೋಡಿದೆ. ಮೊದಲು ಬಂದದ್ದೇ ಮೀಸೆ ಬಾಗಿದ್ದು. ಹೆಣ್ಣನ್ನು ಹಿಡಿದುಕೊಳ್ಳಲು ಗಂಡಿಗೆ ಮಾತ್ರ ಹಾಗೆ ಬಾಗಿರುತ್ತದೆ. ನೀವು ನನ್ನ ಮುಖ ನೋಡಿಯೇ, "ಅದನ ಏನು, ನೀ ಹುಡುಕ್ತಿದ್ದದ್ದು?" ಎಂದಿರಿ.

ಆಮೇಲೆ ನೀವು ಕಣ್ಣಿಟ್ಟಿರಿ. ನಿಮ್ಮ ಸೆರಗು ಜಾರಿದ್ದೂ ನಿಮಗೆ ಗೊತ್ತಾಗಲಿಲ್ಲ. ಮಾಮಾ ಬಂದು, ಸತ್ಯವ್ವಜ್ಜಿ ಬಂದು, ನಿಮ್ಮ ಹಿಂದೆ ನಿಂತರು. ನೀವು ಎದ್ದೇಳಲಿಲ್ಲ. ಎದ್ದ ಮೇಲೆ ಹೇಳಿದ್ದು ಇಷ್ಟೇ: "ಎಷ್ಟ ಸಾವಕಾಶ ಹೊಂಟೈತಿ ನೋಡು. ನಾವ ಅವಸರದ ಮಂದಿ."

ನಾನು ಬಟ್ಟಲನ್ನು ಕೊಡಕ್ಕೆ ಸುರಿಯಲು ಎತ್ತಿದೆ. ನೀವು ನನ್ನ ಕೈ ಹಿಡಿದಿರಿ. "ನಾಳೆ ಮಣ್ಣ ಬೀಳೂದೈತಿ. ಇದನ್ನ ತಗೊಂಡ ಹೋಗು" ಎಂದಿರಿ. "ತಗೊಂಡ ಹೋದ್ರ ಸ್ಪಿರಿಟ್‌ನ್ಯಾಗ ಹಾಕಬೇಕಾಕ್ಕೈತಿ ಅತ್ತಿ" ಎಂದು ನಿಮ್ಮ ಕಿವಿಯಲ್ಲಿ ಹೇಳಿದೆ. ನೀವು ಯೋಚಿಸಿ ಕೇಳಿದಿರಿ: "ಅದು ತಾನ ಸಾಯೋತನಾ ಕಾಯಾಕ ಬರೂದಿಲ್ಲೇನು?"

ಬಸ್ಸಿನಲ್ಲಿ ಬಾಟಲಿಯನ್ನೂ ಅದೇ ಪ್ರಶ್ನೆಯನ್ನೂ ತೊಡೆಯ ಮೇಲಿಟ್ಟುಕೊಂಡು ಬಂದೆ.

ಸೋಮವಾರ ಪ್ರಸಾದ ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದರು. "ಅದು ಸಾಯೋತನಾ ಕಾಯ್ತೀಯೇನು? ನೆಲದೊಳಗಿನ ಜೀವ ವರ್ಷಗಟ್ಟಲೆ ಬದುಕ್ತಾವು. ನಿನ್ನ ಫೆಲೋಶಿಪ್ ಈ ವರ್ಷಕ್ಕ ಮುಗೀತೈತಿ." "ಕಾಯ್ತೀನಿ ಸರ್" ಎಂದೆ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು, "ಸತ್ತ ಕೂಡಲೇ ಸಿಗಬೇಕು, ತಡಾ ಆದ್ರ ಕೊಳೀತೈತಿ. ದಿನಾ ಎರಡ ಹೊತ್ತ ನೋಡಬೇಕಾಕ್ಕೈತಿ" ಎಂದರು. ಹೋಗುವಾಗ ಕಿಟಕಿಯ ಪರದೆ ಎಳೆದು ಹೋದರು.

ಅದೀಗ ನನ್ನ ಕಪಾಟಿನಲ್ಲಿ, ನಿಮ್ಮ ಬಾವಿಯ ನೀರಿನಲ್ಲಿ, ಒಣಗಿದ ಎಲೆಯ ಚೂರೊಂದರ ಜೊತೆ ಇದೆ.

ನಿಮ್ಮ
ಪೂನಮ್


ಖಾನಾಪುರ
೨ ಏಪ್ರಿಲ್ ೨೦೨೪

ಚಿ. ಪೂನಮ್,

ಮಣ್ಣು ಬೀಳುವ ಸದ್ದು ನನಗೆ ಕೇಳಲಿಲ್ಲ, ಅಂಗಾಲಿಗೆ ತಿಳಿಯಿತು. ಸತ್ಯವ್ವ ಕೊನೆಯ ತನಕ ನನ್ನ ಕೈ ಹಿಡಿದು ನಿಂತಿದ್ದಳು. ಈಗ ಹಿತ್ತಲು ಸಪಾಟಾಗಿದೆ. ಸಮೃದ್ಧಿ ಅದರ ಮೇಲೆ ಓಡುತ್ತಾಳೆ. ನೋಡಿದಾಗ ಆಗುವುದು ದುಃಖವೂ ಅಲ್ಲ, ಸಮಾಧಾನವೂ ಅಲ್ಲ.

ನಿನ್ನ ಓದು ನನ್ನಿಂದ ನಿಂತಿತು ಎಂದು ನಿಮ್ಮಪ್ಪ ಫೋನಿನಲ್ಲಿ ಮಾಮಾನ ಹತ್ತಿರ ಬೇಸರ ಮಾಡಿಕೊಂಡನಂತೆ. ಒಂದು ವೇಳೆ ನಿನಗೆ ಕಾಯಲು ಆಗದಿದ್ದರೆ ನೀನು ಏನು ಮಾಡಬೇಕೋ ಮಾಡು. ನಾನು ಕೇಳುವುದಿಲ್ಲ, ನೀನೂ ಬರೆಯಬೇಡ.

ತಾರಾ ಅತ್ತೆ


ಬೆಳಗಾವಿ
೯ ಆಗಸ್ಟ್ ೨೦೨೪

ಪ್ರೀತಿಯ ಅತ್ತೆ,

ಬರೆಯಬೇಡ ಎಂದಿದ್ದಿರಿ. ಆದರೂ ಬರೆಯುತ್ತಿದ್ದೇನೆ.

ಫೆಲೋಶಿಪ್ ಮುಗಿಯುವುದಕ್ಕೆ ಬಂತು. ಸೆಪ್ಟೆಂಬರಿನಿಂದ ಇಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಲು ಒಪ್ಪಿಕೊಂಡಿದ್ದೇನೆ. ಲ್ಯಾಬಿನ ಕೀಲಿಯನ್ನು ಸರ್ ನನ್ನ ಹತ್ತಿರವೇ ಬಿಟ್ಟಿದ್ದಾರೆ. ಶಾಲೆಗೆ ಹೋಗುವ ಮೊದಲು, ಬಂದ ಮೇಲೆ, ಕಪಾಟು ತೆರೆದು ನೋಡಬೇಕಲ್ಲ.

ಯಾರಿಗೂ ಹೇಳದ ಮಾತೊಂದನ್ನು ನಿಮಗೆ ಹೇಳುತ್ತೇನೆ. ಅದು ಸತ್ತ ದಿನ ನನ್ನ ಕೆಲಸ ಮುಂದೆ ಸಾಗುತ್ತದೆ. ಇದು ಗೊತ್ತಿದ್ದೂ ಪ್ರತಿ ಬೆಳಿಗ್ಗೆ ಬಟ್ಟಲನ್ನು ಬೆಳಕಿಗೆ ತರುವಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಕಣ್ಣಿಡುತ್ತೇನೆ. ಮೊದಲು ಬರೀ ಬೆಳಕು, ಖಾಲಿ ಬೆಳಕು. ಕಾಯುತ್ತೇನೆ. ಎಲೆಯ ಅಂಚಿನ ಹಿಂದಿನಿಂದ ಬಾಗಿದ ಮೀಸೆ ಮೊದಲು ಕಾಣುತ್ತದೆ, ಆಮೇಲೆ ಅದು ಇಡೀ ಮೈಯಾಗಿ ಹೊರಗೆ ಬರುತ್ತದೆ.

ಇಂದೂ ಬಂತು ಅತ್ತೆ. ಸಾವಕಾಶವಾಗಿ, ಎತ್ತಲೋ ಹೊರಟಿತ್ತು.

ನಿಮ್ಮ
ಪೂನಮ್